ಕರಕರೆ ಇತ್ತು

ಶೀನಣ್ಣನ ಕಿವಿ ಕೆಟ್ಟಿರಲಿಲ್ಲ. ಹಂಗಾರಕಟ್ಟೆಯ ವೈರ್‌ಲೆಸ್ ಸೆಟ್ಟಿನಲ್ಲಿ ಆ ವರ್ಷ ಕೇಳಿಬಂದ ಕರಕರೆ ನನ್ನ ಯಂತ್ರದ್ದು. ಅದು ನನಗೆ ಗೊತ್ತಿತ್ತು—ಗೊತ್ತಿದ್ದೂ ಅವರ ಎದುರು ನಿಂತು, ಸೆಟ್ಟಿನಲ್ಲಿ ಏನೂ ಇರಲಿಲ್ಲ ಎಂದೆ. ಅವರು ನಂಬಿದರು. ನಾನು ಓದಿದವನಲ್ಲವೇ.

ಈ ನಾಲ್ಕು ಸಾಲು ಬರೆಯಲು ನನಗೆ ಹತ್ತು ವರ್ಷಕ್ಕಿಂತ ಹೆಚ್ಚು ಹಿಡಿಯಿತು. ಬರೆದ ಮೇಲೂ ಕೂತಲ್ಲಿ ಕೂರಲು ಆಗುತ್ತಿಲ್ಲ. ಎದ್ದು ಎರಡು ಸಲ ಬಾವಿಕಟ್ಟೆಯವರೆಗೆ ಹೋಗಿ ಬಂದೆ. ಮುಂದಿನದ್ದನ್ನು ಒಂದೇ ಉಸಿರಿಗೆ ಹೇಳದಿದ್ದರೆ ಇವತ್ತೂ ಹಾಳೆ ಮಡಚಿಟ್ಟು ಬಿಡುತ್ತೇನೆ.

ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವನು ನಾನೇ ಮೊದಲು. ಅಮ್ಮ ಮೀನಿನ ಬುಟ್ಟಿ ಹೊತ್ತು ಬ್ರಹ್ಮಾವರದವರೆಗೆ ನಡೆದವಳು. 1997ರಲ್ಲಿ ನನ್ನ ಬಿ.ಇ. ಸರ್ಟಿಫಿಕೇಟು ಮನೆಗೆ ಬಂದ ದಿನ ಅದನ್ನು ಅವಳ ಕೈಗೆ ಕೊಡಲು ಹೋದೆ. ಅವಳು ಎರಡೂ ಕೈ ಹಿಂದೆ ಕಟ್ಟಿಕೊಂಡಳು. "ನಂಗೆ ಬ್ಯಾಡ, ಕೈಯಗೆ ಮೀನಿನ ಪರಿಮಳ ಇತ್ತ್. ನೀನೇ ಹಿಡ್ಕೊ, ನಾ ಕಾಂತೆ," ಎಂದು ಮುಟ್ಟದೆಯೇ ನೋಡಿದಳು. ಅವತ್ತಿನಿಂದ ನಾನು ಹೆಮ್ಮೆಯ ಮನುಷ್ಯ. ಅದನ್ನು ಮುಚ್ಚಿಡುವುದಿಲ್ಲ. ಆ ಹೆಮ್ಮೆ ನನಗೆ ಬಿಟ್ಟಿಯಾಗಿ ಸಿಕ್ಕಿದ್ದೂ ಅಲ್ಲ.

ಅಮ್ಮನ ಆ ಮಾತಿನಲ್ಲಿ ಒಂದು ಪದವಿದೆ—ಇತ್ತ್. ನಮ್ಮ ಕುಂದಾಪುರದ ಕಡೆ 'ಇತ್ತ್' ಎಂದರೆ 'ಇದೆ'. ಈಗ, ಈ ಗಳಿಗೆಯಲ್ಲಿ ಇದೆ. ಹಿಂದೆ ಇತ್ತು ಎನ್ನಬೇಕಾದರೆ ನಾವು 'ಇದ್ದಿತ್' ಎನ್ನುತ್ತೇವೆ. ಘಟ್ಟದ ಮೇಲಿನವರಿಗೆ, ಪುಸ್ತಕದ ಕನ್ನಡ ಓದಿದವರಿಗೆ, 'ಇತ್ತು' ಎಂದರೆ ಮುಗಿದು ಹೋದದ್ದು. ನನ್ನ ತಪ್ಪು ಪೂರ್ತಿಯಾಗಿ ಈ ಒಂದು ಪದದ ಮೇಲೆ ನಿಂತಿದೆ.

ಶೀನಣ್ಣ ನಮ್ಮ ನೆರೆಮನೆಯವರು. ಬೋಟಿನಲ್ಲಿದ್ದಾಗ ಹಗ್ಗಕ್ಕೆ ಕಾಲು ಸಿಕ್ಕಿ ಕುಂಟಾಗಿ ಕಡಲು ಬಿಡಬೇಕಾಯಿತು. ಆಮೇಲೆ ಅವರನ್ನು ಬೋಟು ನಿಲ್ಲುವ ದಕ್ಕೆಯ ಬದಿಯ ಸಣ್ಣ ಕೋಣೆಯಲ್ಲಿ ಕೂರಿಸಿದರು. ಕಡಲಿನಲ್ಲಿರುವ ಬೋಟುಗಳ ಜತೆ ಮಾತಾಡುವ ವೈರ್‌ಲೆಸ್ ಇದ್ದ ಆ ಕೋಣೆಗೆ ಊರಿನಲ್ಲಿ 'ಸೆಟ್ ರೂಮು' ಎಂದೇ ಹೆಸರು. ಅವರ ಕಿವಿ ಎಂಥದ್ದೆಂದರೆ, ಬೋಟಿನ ಹೆಸರು ಹೇಳುವ ಮೊದಲೇ, ಆಚೆಯವನು ಕೆಮ್ಮಿದ ರೀತಿಯಲ್ಲೇ, ಯಾರೆಂದು ಹೇಳುತ್ತಿದ್ದರು. ಹೆಂಗಸರು ದಾರಿಯಲ್ಲಿ ನಿಂತು, "ಹ್ವಾಯ್ ಶೀನಣ್ಣ, ನಮ್ಮವ್ರ್ ಎಲ್ಲಿದ್ರ್?" ಎಂದು ಕೇಳುವರು. "ಬೈಂದೂರು ಕಡಿ ಇದ್ರ್, ಬಂಗ್ಡಿ ಮೀನ್ ಸಿಕ್ಕಿತ್ತಂಬ್ರ್. ಮಸಾಲಿ ಕಡೂಕ್ ಸುರು ಮಾಡ್," ಎಂದು ಒಳಗಿನಿಂದ ಉತ್ತರ. ಕಾಲು ಹೋದ ಮನುಷ್ಯನನ್ನು ಊರಿನಲ್ಲಿ ನಿಲ್ಲಿಸಿದ್ದು ಆ ಕಿವಿ.

ಎರಡು ಸಾವಿರದ ಐದರ ಆಸುಪಾಸು. ನಾನು ಕುಂದಾಪುರದ ಹತ್ತಿರ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತ, ಜತೆಗೆ ಎಂ.ಟೆಕ್. ಓದುತ್ತಿದ್ದೆ. ವಿಷಯ ಅಲ್ಟ್ರಾ ವೈಡ್‌ಬ್ಯಾಂಡ್. ಅದನ್ನು ಸರಳವಾಗಿ ಹೇಳುತ್ತೇನೆ. ರೇಡಿಯೋ ಅಲೆಗಳ ಜಾಗವನ್ನು ಗದ್ದೆಯ ಹಾಗೆ ತುಂಡು ತುಂಡು ಮಾಡಿ ಹಂಚಿದ್ದಾರೆ—ಇದು ಪೊಲೀಸರಿಗೆ, ಇದು ಟಿ.ವಿ.ಗೆ, ಇದು ಮೊಬೈಲಿಗೆ, ಇದು ಕಡಲಿನವರಿಗೆ. ಒಬ್ಬರದ್ದಕ್ಕೆ ಇನ್ನೊಬ್ಬರು ಇಳಿಯುವಂತಿಲ್ಲ. ಜಾಗ ಸಾಲದು ಎಂಬ ಕೂಗು ಒಂದು ಕಡೆ, ಎಷ್ಟೋ ತುಂಡುಗಳು ದಿನದ ಬಹುಪಾಲು ಬಿತ್ತದೆ ಹಡಿಲು ಬಿದ್ದಿರುವುದು ಇನ್ನೊಂದು ಕಡೆ. ಅಲ್ಟ್ರಾ ವೈಡ್‌ಬ್ಯಾಂಡ್ ತನಗೊಂದು ಗದ್ದೆ ಕೇಳುವುದೇ ಇಲ್ಲ. ಕಣ್ಣು ಮಿಟುಕಿಸುವುದರ ಹತ್ತಾರು ಕೋಟಿಯಲ್ಲೊಂದು ಪಾಲಿನಷ್ಟು ಚಿಕ್ಕ ಮಿಡಿತಗಳನ್ನು ಕಳಿಸಿ, ಎಲ್ಲರ ಗದ್ದೆಯ ಮೇಲೂ ಇಬ್ಬನಿಯ ಹಾಗೆ ತೆಳ್ಳಗೆ ಹರಡುತ್ತದೆ. ಯಾರ ಪೈರೂ ಬಗ್ಗುವುದಿಲ್ಲ, ಆದರೆ ಸುದ್ದಿ ಮುಟ್ಟುತ್ತದೆ. ಮೊದಲ ಸಲ ಓದಿದಾಗ ನನಗೆ ಮೈ ಜುಂ ಎಂದಿತ್ತು. ಗದ್ದೆಯೇ ಇಲ್ಲದ ಮನೆಯಿಂದ ಬಂದವನು ನಾನು. ಇದ್ದವರಿಗೆ ತೊಂದರೆ ಮಾಡದೆ ಇಲ್ಲದವನೂ ಬದುಕಬಹುದು ಎಂಬ ಮಾತು ಅದರಲ್ಲಿ ಕಂಡಿತು.

ಇದಕ್ಕಿರುವ ಷರತ್ತು ಒಂದೇ—ದನಿ ಏರಿಸಬಾರದು.

ಬೇರೆ ವೈರ್‌ಲೆಸ್‌ಗೆ ತೊಂದರೆ ಆಗುವುದಿಲ್ಲ ಎಂದು ತೋರಿಸುವುದೇ ನನ್ನ ಪ್ರಯೋಗ. ಅದಕ್ಕೆ ಸೆಟ್ ರೂಮಿಗಿಂತ ಒಳ್ಳೆಯ ಜಾಗ ಯಾವುದು? ಅದರ ಪಕ್ಕದ ಬಲೆ ಇಡುವ ಶೆಡ್ಡಿನಲ್ಲಿ ಯಂತ್ರ ಇಟ್ಟೆ. ಮಿಡಿತ ಹಿಡಿಯುವ ಪೆಟ್ಟಿಗೆಯನ್ನು ಆಚೆ, ದೋಣಿ ಕಟ್ಟುವಲ್ಲಿ. ಎರಡು ವಾರ ಒದ್ದಾಡಿದರೂ ಮಿಡಿತ ಅಲ್ಲಿಗೆ ಮುಟ್ಟಲಿಲ್ಲ. ಬೋಟುಗಳ ವೈರ್‌ಲೆಸ್ ಜಾಗಕ್ಕೆ ನನ್ನ ಮಿಡಿತ ಸೋರದಂತೆ ತಡೆಯಲು ಒಂದು ಫಿಲ್ಟರ್ ಹಾಕಿದ್ದೆ. ಕೊನೆಗೆ ಅದನ್ನೇ ತೆಗೆದೆ. ಶಕ್ತಿಯನ್ನೂ ಏರಿಸಿದೆ. ಆಚೆ ಪರದೆಯ ಮೇಲೆ ಗೆರೆ ಚಂಗನೆ ಎದ್ದಿತು—ನಾನು ಮರಳಿನ ಮೇಲೆ ಹುಚ್ಚನ ಹಾಗೆ ಓಡಿದ್ದು ನೆನಪಿದೆ.

ಮರುದಿನ ಶೀನಣ್ಣ ಕಿಟಕಿಯಿಂದ ಕರೆದರು. "ಹ್ವಾಯ್ ಮಾಣಿ, ಸೆಟ್ಟಗೆ ಕರಕರೆ ಇತ್ತ್. ನಿನ್ ಮಿಷನಾ?"

"ನಂದ್ ಯಾರಿಗೂ ಕೇಂತಿಲ್ಲೆ ಶೀನಣ್ಣ. ಅದೇ ಅದ್ರ ವಿಶೇಷ," ಎಂದೆ. ಆ ಹೊತ್ತಿಗೆ ಅದು ಸುಳ್ಳಾಗಿರಲಿಲ್ಲ, ಬರೀ ಅಹಂಕಾರ. ಸುಳ್ಳಾದದ್ದು ಅರ್ಧ ಗಂಟೆಯ ಮೇಲೆ. ಅನುಮಾನ ಬಂದು, ಅವರು ಊಟಕ್ಕೆ ಎದ್ದಾಗ ಸೆಟ್ಟಿನ ಎದುರು ನಿಂತು, ಶೆಡ್ಡಿನ ಸ್ವಿಚ್ಚು ಹಾಕಿ, ತೆಗೆದು, ಓಡಾಡಿ ಪರೀಕ್ಷಿಸಿದೆ. ಹಾಕಿದರೆ ಕರ್ರ್ ಎನ್ನುತ್ತದೆ. ತೆಗೆದರೆ ಸುಮ್ಮನಾಗುತ್ತದೆ. ಮೂರು ಸಲ ಮಾಡಿದೆ. ನಾಲ್ಕನೆಯ ಸಲ ಬೇಕಿರಲಿಲ್ಲ.

ಗಮನಿಸಿ—ದೂರ ಕಡಲಿನಲ್ಲಿದ್ದ ಬೋಟುಗಳಿಗೆ ಈ ಶಬ್ದ ಇಲ್ಲ. ಅವರವರೊಳಗೆ ಮಾತು ಸ್ಪಷ್ಟ. ಇಡೀ ಊರಿನಲ್ಲಿ ಅದು ಕೇಳಿಸುತ್ತಿದ್ದದ್ದು ಸೆಟ್ಟಿನ ಎದುರು ಕೂರುವ ಶೀನಣ್ಣನಿಗೆ ಮಾತ್ರ. ಅವರು ಸೆಟ್ಟು ರಿಪೇರಿಯವನನ್ನು ಕುಂದಾಪುರದಿಂದ ಕರೆಸಿದರು. ಅವನ ಬೈಕು ದಕ್ಕೆಗೆ ತಿರುಗಿದ್ದನ್ನು ನಾನು ಶೆಡ್ಡಿನ ಬಾಗಿಲಿನಿಂದ ನೋಡಿದೆ. ನೋಡಿ, ಸ್ವಿಚ್ಚು ತೆಗೆದೆ. ಅವನು ಒಂದು ಗಂಟೆ ಕೂತು, "ಸೆಟ್ ಸಮ ಇತ್ತಲ್ದಾ ಮರಾಯ್ರೆ," ಎಂದು ಹೋದ. ಬೈಕು ಮರೆಯಾದ ಮೇಲೆ ಮತ್ತೆ ಹಾಕಿದೆ. ಇನ್ನು ನಾಲ್ಕು ದಿನದ ಅಳತೆ ಬಾಕಿ ಇತ್ತು, ಅಷ್ಟೇ—ನಾಲ್ಕೇ ದಿನ ಎಂದು ನನಗೆ ನಾನೇ—

ಅದರ ನಡುವೆ ಶೀನಣ್ಣನ ಹತ್ತಿರ ಒಂದು ಪತ್ರ ಕೇಳಿದೆ. ಪ್ರಯೋಗದ ಹತ್ತಿರ ಇದ್ದವರ ಮಾತೊಂದು ವರದಿಗೆ ಬೇಕಿತ್ತು. ನಾಲ್ಕನೆಯ ಕ್ಲಾಸು ಓದಿದ ಮನುಷ್ಯ, ಪುಸ್ತಕದ ಹಾಗೆ ಬರೆಯಲು ಹೋದರೂ ನಡುವೆ ಊರಿನ ಮಾತೇ ಇಳಿಯುತ್ತಿತ್ತು. ನಾಲಿಗೆಯ ತುದಿ ಕಚ್ಚಿಕೊಂಡು ಬರೆದರು: "ಮಾಣಿ ಇಲ್ಲಿ ಮಿಷನ್ ಇಟ್ಟು ಪ್ರಯೋಗ ಮಾಡುತ್ತಾನೆ. ಸೆಟ್ಟಿನಲ್ಲಿ ಕರಕರೆ ಇತ್ತು. ಪ್ರಯೋಗಕ್ಕೆ ನಮ್ಮ ಅಡ್ಡಿ ಇಲ್ಲ." ಕೆಳಗೆ ಸಹಿ. ನನ್ನ ಮೇಲೆ ಅಷ್ಟು ಅಕ್ಕರೆ ಇದ್ದೂ, ಕೇಳಿದ್ದನ್ನು ಕೇಳಿಲ್ಲ ಎಂದು ಬರೆಯಲು ಅವರ ಕೈ ಬರಲಿಲ್ಲ. ನಾನು ಪತ್ರ ಮಡಚಿ ಜೇಬಿಗಿಟ್ಟೆ.

ಎರಡು ದಿನ ಬಿಟ್ಟು ಯಡ್ತರೆಯ ರಾಜುವಿನ ಕೈ ಬೋಟಿನಲ್ಲಿ ಬಲೆ ಎಳೆಯುವ ವಿಂಚಿಗೆ ಸಿಕ್ಕಿತು. ದಕ್ಕೆಗೆ ವ್ಯಾನು ತರಿಸಿ ಇಡಿ ಎಂದು ಬೋಟು ನಡೆಸುವ ತಾಂಡೇಲ ಭಾಸ್ಕರ ಸೆಟ್ಟಿನಲ್ಲಿ ಕೂಗಿದ್ದೇ ಕೂಗಿದ್ದು. ಶೀನಣ್ಣನಿಗೆ ಕರ್ರ್ ಎಂಬುದರ ಒಳಗೆ ಯಾರೋ ಏನೋ ಹೇಳುತ್ತಿರುವುದು ಮಾತ್ರ ತಿಳಿಯಿತು. ಬೋಟು ದಡಕ್ಕೆ ಬಂದಾಗ ವ್ಯಾನು ಇಲ್ಲ. ಹುಡುಕಿ ತರುವಾಗ ಹೊತ್ತು ಹೋಯಿತು. ರಾಜುವಿನ ಎರಡು ಬೆರಳು ಉಳಿಯಲಿಲ್ಲ. ಮೊದಲೇ ಹೊರಟಿದ್ದರೆ ಉಳಿಯುತ್ತಿದ್ದವೋ ಏನೋ—ಡಾಕ್ಟರು ಹೇಳಲಿಲ್ಲ, ನಾನು ಕೇಳಲಿಲ್ಲ.

ಭಾಸ್ಕರ ಎಲ್ಲರ ಎದುರಿಗೇ, "ಸೆಟ್ಟಗೆ ಎಂತದೂ ಇಲ್ಲೆ, ನಿಮ್ಮ ಕೆಮಿ ಹೋಯ್ತ್ ಶೀನಣ್ಣ! ಮನೇಲಿ ಕೂಕಣಿ!" ಎಂದು ಅವರ ಕಿವಿಯತ್ತ ಕೈ ತೋರಿಸಿ ಕಿರುಚಿದ. ನಾನು ಜನರ ಹಿಂದೆ ನಿಂತಿದ್ದೆ.

ಅವತ್ತೇ ಫಿಲ್ಟರ್ ತಿರುಗಿ ಹಾಕಿದೆ. ಶಬ್ದ ನಿಂತಿತು. ಆಚೆ ಪರದೆಯ ಗೆರೆಯೂ ಮಲಗಿತು. ನನಗೆ ಬೇಕಾದ ಅಳತೆಗಳು ಆಗಲೇ ಪುಸ್ತಕದಲ್ಲಿದ್ದವು. ಮರುದಿನ ಶೀನಣ್ಣ ಶೆಡ್ಡಿಗೆ ಕುಂಟುತ್ತ ಬಂದರು. ಬಲೆಯ ರಾಶಿಯ ಮೇಲೆ ಕೂತರು.

"ಇವತ್ತ್ ಕರಕರೆ ಇಲ್ಲೆ ಮಾಣಿ. ಯಾರೂ ರಿಪೇರಿ ಮಾಡ್ಲಿಲ್ಲೆ, ಅದಾಗೇ ಹೋಯ್ತ್. ಅಂದ್ರೆ ಅದ್ ಸೆಟ್ಟಂದಲ್ಲ ಅಲ್ದಾ?" ಕಾಲು ನೀಡಿಕೊಂಡು ನನ್ನ ಕಡೆ ತಿರುಗಿದರು. "ನೀ ಓದ್ದವ. ನೀನೇ ಹೇಳ್. ಕರಕರೆ ಸೆಟ್ಟಗೆ ಇದ್ದಿತ್ತಾ, ನನ್ ಕೆಮಿಯಗೆ ಇದ್ದಿತ್ತಾ?"

ಅವರು ನನ್ನ ಮುಖ ನೋಡುತ್ತಿರಲಿಲ್ಲ. ಬಾಯಿಯನ್ನು ನೋಡುತ್ತಿದ್ದರು—ಆಗಲೇ ಕಿವಿಯ ಮೇಲೆ ನಂಬಿಕೆ ಬಿಟ್ಟವರ ಹಾಗೆ.

"ಸೆಟ್ಟಗೆ ಎಂತ ಇರ್ಲಿಲ್ಲೆ, ಶೀನಣ್ಣ," ಎಂದೆ.

ತಲೆ ಆಡಿಸಿದರು. ಎದ್ದು, ಹೋಗುವಾಗ ನನ್ನ ಹೆಗಲು ತಟ್ಟಿದರು. "ನೀ ಹೇಳ್ರೆ ಸೈ," ಎಂದರು. ಸೆಟ್ ರೂಮಿನ ಕೀಲಿಕೈಯನ್ನು ಅದೇ ವಾರ ಒಪ್ಪಿಸಿದರು.

ಇಷ್ಟೇ ಆಗಿದ್ದರೆ ಹೆದರಿ ಬಾಯಿತಪ್ಪಿ ಬಂದದ್ದು ಎನ್ನಬಹುದಿತ್ತೋ ಏನೋ. ಆದರೆ ಒಂದು ತಿಂಗಳ ಮೇಲೆ, ಯೋಚಿಸಲು ಬೇಕಾದಷ್ಟು ಸಮಯ ಸಿಕ್ಕ ಮೇಲೆ, ನನ್ನ ಗೈಡಿನ ಎದುರು ಕೂತಿದ್ದೆ. ಅವರು ಮೈಸೂರಿನ ಕಡೆಯವರು. ವರದಿಯ ಕೊನೆಯಲ್ಲಿದ್ದ ಶೀನಣ್ಣನ ಪತ್ರದ ಮೇಲೆ ಬೆರಳಿಟ್ಟು ಕೇಳಿದರು: "ಏನ್ರೀ ಇದು, ಕರಕರೆ ಇತ್ತು ಅಂತ ಬರೆದಿದಾರಲ್ಲ?"

ನಾನು ಹಂಗಾರಕಟ್ಟೆಯವನು. ಆ ಪದ ಅಮ್ಮನ ಬಾಯಿಂದ ಕಲಿತವನು. ಅದರ ಅರ್ಥ ಆ ಕೋಣೆಯಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೇ.

"ಮೊದಲು ಇತ್ತು ಸರ್," ಎಂದೆ. "ಹಳೇ ಸೆಟ್ಟು. ಈಗಿಲ್ಲ."

"ಓ, ಹಾಗೋ. ಸರಿ ಬಿಡಿ," ಎಂದು ಅವರು ಹಾಳೆ ತಿರುಗಿಸಿದರು. ನನಗೆ ಎಂ.ಟೆಕ್. ಸಿಕ್ಕಿತು. ಆಚೀಚೆಯ ವೈರ್‌ಲೆಸ್‌ಗೆ ಯಾವ ಅಡಚಣೆಯೂ ಕಂಡುಬರಲಿಲ್ಲ ಎಂಬ ವಾಕ್ಯ ನನ್ನ ಹೆಸರಿನ ಕೆಳಗೆ ಇವತ್ತಿಗೂ ಯಾವುದೋ ಕಪಾಟಿನಲ್ಲಿದೆ.

ಆ ತಂತ್ರಜ್ಞಾನ ಸುಳ್ಳಲ್ಲ. ಅದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಈಗಲೂ ಅದನ್ನು ಪಾಠ ಮಾಡುತ್ತೇನೆ, ಈಗಲೂ ಅದು ನನಗೆ ಇಷ್ಟ. ತಗ್ಗಿದ ದನಿಯಲ್ಲಿ ಎಲ್ಲರ ನಡುವೆ ಎಲ್ಲರೂ ಮಾತಾಡಬಹುದು ಎಂಬುದು ನಿಜವೇ. ಆದರೆ ನನ್ನ ದನಿ ತಗ್ಗಿದೆಯೋ ಇಲ್ಲವೋ ಎಂದು ಹೇಳಬೇಕಾದವನು ನಾನಲ್ಲ, ಪಕ್ಕದವನು. ನನ್ನ ಪ್ರಯೋಗದಲ್ಲಿ ಅದನ್ನು ಅಳೆಯಲು ಇದ್ದ ನಿಜವಾದ ಉಪಕರಣ ಒಂದೇ, ಶೀನಣ್ಣನ ಕಿವಿ. ಅದು ಸರಿಯಾದ ಅಳತೆ ಕೊಟ್ಟಿತು. ನಾನು ಅದನ್ನು ಕೆಟ್ಟಿದೆ ಎಂದು ಬದಿಗಿಟ್ಟೆ.

ಹೋದ ತಿಂಗಳು ಕ್ಲಾಸಿನಲ್ಲಿ ಒಬ್ಬಳು ಹುಡುಗಿ ಎದ್ದು ನಿಂತು, "ಸಾರ್, ಬೇರೆಯವ್ರಿಗೆ ತೊಂದ್ರೆ ಆತಿಲ್ಲೆ ಅಂತ ನಮಗೆ ಹ್ಯಾಂಗ್ ಗೊತ್ತಾತ್ತ್?" ಎಂದು ಕೇಳಿದಳು. ಬೋರ್ಡಿನ ಕಡೆ ತಿರುಗಿ ಏನೋ ಸೂತ್ರ ಬರೆದೆ. ಬೆನ್ನ ಹಿಂದೆ ಅವಳು ಇನ್ನೂ ನಿಂತೇ ಇದ್ದಳು.

ಆ ಭಾನುವಾರ ಗುಲ್ವಾಡಿಗೆ ಹೋದೆ. ಶೀನಣ್ಣ ಈಗ ಅಲ್ಲಿ ಮಗಳ ಮನೆಯಲ್ಲಿದ್ದಾರೆ. ಇಷ್ಟು ವರ್ಷ ಸಿಕ್ಕವರೆಲ್ಲ 'ಕೆಪ್ಪ ಶೀನ' ಎಂದು ತಮಾಷೆ ಮಾಡಿದ ಮನುಷ್ಯನಿಗೆ, ವಯಸ್ಸಾಗಿ, ಈಗ ನಿಜವಾಗಿಯೂ ಕಿವಿ ಕೇಳುವುದಿಲ್ಲ. ಜಗಲಿಯಲ್ಲಿ ಅವರ ಪಕ್ಕ ಕೂತೆ. ಅಂಗಳದಲ್ಲಿ ಮಗಳು, ಅಳಿಯ, ಇನ್ನಿಬ್ಬರು ಯಾರೋ ಇದ್ದರು. ನಾನು ಬಾಗಿ, ಮೆಲ್ಲಗೆ, ಅವರಿಗಷ್ಟೇ ಕೇಳುವ ಹಾಗೆ ಹೇಳಿದೆ. ಎಲ್ಲವನ್ನೂ ಹೇಳಿದೆ.

"ಎಂತ? ಗಟ್ಟಿ ಹೇಳ್ ಮಾಣಿ," ಎಂದು ಕೈಯನ್ನು ಕಿವಿಗೆ ಇಟ್ಟರು. ಅಂಗಳದವರೆಲ್ಲ ತಿರುಗಿ ನೋಡಿದರು.

"ಹುಷಾರಿದ್ರ್ಯಾ ಅಂತ ಕೇಂಡೆ!" ಎಂದು ಕೂಗಿದೆ. ಚಾ ಕುಡಿದು ಬಂದೆ.

ಪಿಸುಮಾತಿನ ವಿದ್ಯೆ ಕಲಿತವನು ನಾನು. ಯಾರಿಗೂ ಕೇಳದ ಹಾಗೆ ಸುದ್ದಿ ಮುಟ್ಟಿಸುವುದೇ ನನ್ನ ಡಿಗ್ರಿ. ಇದೊಂದನ್ನು ಹಾಗೆ ಮುಟ್ಟಿಸಲು ಆಗುವುದಿಲ್ಲ. ಈ ಭಾನುವಾರ ಮತ್ತೆ ಹೋಗುತ್ತೇನೆ. ಜಗಲಿಯ ಮೇಲೆ ಕೂರುವುದಿಲ್ಲ, ಅಂಗಳದಲ್ಲಿ ನಿಂತು ಕೂಗುತ್ತೇನೆ—ಕರಕರೆ ಸೆಟ್ಟಗೇ ಇದ್ದಿತ್ ಶೀನಣ್ಣ, ನಿಮ್ ಕೆಮಿ ಸಮ ಇದ್ದಿತ್. ಅಲ್ಲಿಂದ ದಕ್ಕೆಗೆ ಬಂದು, ಭಾಸ್ಕರ, ರಾಜು ಇಬ್ಬರೂ ಇರುವ ಹೊತ್ತು ನೋಡಿ, ಸೆಟ್ ರೂಮಿನ ಎದುರು ಇದನ್ನೇ ಓದುತ್ತೇನೆ. ಅವರು ಏನು ಹೇಳಿದರೂ ಅದು ನನಗೆ ಸಲ್ಲಬೇಕಾದದ್ದು.

ಪತ್ರದ ಆ ಮೂಲ ಪ್ರತಿ ಈಗ ನನ್ನ ಮೇಜಿನ ಮೇಲಿದೆ. ಕರಕರೆ ಇತ್ತು ಎಂಬಲ್ಲಿ ಶಾಯಿ ಸ್ವಲ್ಪ ಹರಡಿದೆ. ಅದನ್ನು ಇನ್ನು ಮೇಲಾದರೂ ಶೀನಣ್ಣನ ಕನ್ನಡದಲ್ಲೇ ಓದಿ. ನಾನು ಹಾಗೆ ಓದುತ್ತಲೇ ಇದ್ದೇನೆ, ಇಷ್ಟೂ ವರ್ಷ.