ಕಬ್ಬಿನ ಪಾಳಿ ಮತ್ತು ಸೊನ್ನೆಯಿಂದ ಎಣಿಸಿದ ಜಿನ್ನಪ್ಪ ಸರ್

ಬೈಯುವವರ ಮುಂದೆ ನಾನು ಧೈರ್ಯಶಾಲಿ. ಅವರು ಬೈದು ಮುಗಿಸುವಷ್ಟರಲ್ಲಿ ಅವರ ದನಿ ಕಲಿತಿರುತ್ತೇನೆ. ಸಂಜೆ ಚಹಾದಂಗಡಿಯಲ್ಲಿ ಗೆಳೆಯರಿಗೆ ಅದೇ ಬೈಗುಳ ಬಡಿಸುತ್ತೇನೆ. ನನಗೆ ಹೆದರಿಕೆಯೇನಿದ್ದರೂ ಸುಮ್ಮನೆ ತಲೆಯಾಡಿಸುವವರದ್ದು. ಈ ರೋಗ ಅಂಟಿಸಿದ್ದು ಒಂದು ಕಂಪ್ಯೂಟರು.

ಗೋಕಾಕದ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ, ಯಾರ ಕಬ್ಬು ಯಾವಾಗ ಕಡಿಯಬೇಕೆಂಬ ಪಾಳಿಯ ಪಟ್ಟಿ ತೆಗೆಯುವುದು ನನ್ನ ಕೆಲಸವಾಗಿತ್ತು. ಮೊದಲು ನೆಟ್ಟವರಿಗೆ ಮೊದಲ ಪಾಳಿ. ತಡವಾದರೆ ಕಬ್ಬು ಹೊಲದಲ್ಲೇ ಒಣಗಿ ಹಗುರಾಗುತ್ತದೆ. ಪಟ್ಟಿ ಜೋಡಿಸುವ ಆಜ್ಞೆ ಬರೆದಿಟ್ಟವರು ನನಗಿಂತ ಮೊದಲಿದ್ದ ಜಿನ್ನಪ್ಪ ಸರ್, ಈಗ ಮೂಡಲಗಿಯಲ್ಲಿ ಮಾಸ್ತರು. ಅವರಂತೆ ಮೂಗಿನಿಂದ ಮಾತಾಡುವುದು ನನ್ನ ಕಲೆಗಳಲ್ಲೇ ಹೆಚ್ಚು ಬೇಡಿಕೆಯದು.

ಆ ಹಂಗಾಮಿಗೆ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿದವನು ನಾನೇ. ಯಾರೂ ಕೇಳಿರಲಿಲ್ಲ. ಯಾವ ಅಂಕಣದ ಕ್ರಮದಲ್ಲಿ ಜೋಡಿಸಬೇಕೆಂದು ಹೇಳಲು ಸರ್ ಬರೆದಿದ್ದ ‘ಸಾರ್ಟ್ +2’ ಎಂಬ ಹಳೆಯ ರೂಢಿಯನ್ನು ಹೊಸ ನಿಯಮ ಕೈಬಿಟ್ಟಿತ್ತು. ಯಂತ್ರ ‘+2’ ಎಂಬ ಹೆಸರಿನ ಫೈಲು ಹುಡುಕಿ, ಅಂಥದ್ದಿಲ್ಲವೆಂದು ಗೊಣಗಿತು.

ನಮ್ಮ ಕಡೆ ಹಳೆಯದನ್ನು ಹೀಗೆ ಕೈಬಿಡುವುದಿಲ್ಲ. ಸರ್ವೆ ನಂಬರು ಬಂದು ಎಷ್ಟು ಕಾಲವಾದರೂ ಹುಚ್ಚವ್ವನ ಹೊಲ ಹುಚ್ಚವ್ವನದೇ. ಅವಳು ತೀರಿಕೊಂಡು ಹೊಲ ಮೂರು ಕೈ ಬದಲಾಗಿದೆ. ಊರಿನ ಜಮೀನು ಲೆಕ್ಕ ಇಡುವ ತಲಾಟಿ ಕಾಗದದಲ್ಲಿ ನಂಬರು ಬರೆಯುತ್ತಾನೆ, ದಾರಿ ಕೇಳುವಾಗ ಹುಚ್ಚವ್ವನನ್ನೇ ನೆನೆಯುತ್ತಾನೆ.

ನನಗೆ ತಲಾಟಿಯ ವ್ಯವಧಾನವೆಲ್ಲಿ? ಹೊರಗೆ ರೈತರು ನಿಂತಿದ್ದರು. ಪುಸ್ತಕ ತಿರುವಿದೆ, ಎರಡೆಂದರೆ ಎರಡೇ ಅಲ್ಲವೇ ಎಂದುಕೊಂಡು ಹೊಸ ಪದ್ಧತಿಯಲ್ಲಿ ‘-ಕೆ 2’ ಎಂದು ಬರೆದೆ. ಯಂತ್ರ ಚಕಾರವೆತ್ತಲಿಲ್ಲ. ಪಟ್ಟಿಯನ್ನು ಗೋಡೆಗೆ ಹಚ್ಚಿ, ಚಹಾ ತರಿಸಿದೆ.

ಎಲ್ಲರಿಗಿಂತ ಮೊದಲು ನೆಟ್ಟವರು ಮಮದಾಪುರದ ಬಸಪ್ಪ ಕಾಕಾ. ಬೆರಳಿಟ್ಟು ಓದುತ್ತಾ ಹೋಗಿ, ಕೊನೆಯ ಹಾಳೆಯಲ್ಲಿ ತಮ್ಮ ಹೆಸರು ಕಂಡು ಕಿಟಕಿಗೆ ಬಂದರು.

“ತಮ್ಮಾ, ಕುಲಗೋಡದವ್ರೆಲ್ಲಾ ಒಂದ ಕಡೆ, ನಮ್ಮೂರವ್ರೆಲ್ಲಾ ಒಂದ ಕಡೆ ಕುಂತಾರ. ಇದು ಕಬ್ಬಿನ ಪಾಳೇನೊ, ಮದಿವಿ ಪಂಗ್ತೀನೊ?”

ಚಹಾ ಬಿಟ್ಟು ಎದ್ದು ಹೋಗಿ ನೋಡಿದೆ. ಪಟ್ಟಿ ಊರಿನ ಹೆಸರಿನ ಕ್ರಮದಲ್ಲಿ ಬಂದಿತ್ತು. ಕಡಿಯುವವರ ಗುಂಪು ಆಗಲೇ ಮಚ್ಚು ಹಿಡಿದು ಹೊರಡುವುದರಲ್ಲಿತ್ತು. ಅವರನ್ನು ತಡೆದು ಮೂಡಲಗಿಗೆ ಫೋನ್ ಹಚ್ಚಿದೆ. ಹಳೆಯ ರೂಢಿ ಅಂಕಣಗಳನ್ನು ಸೊನ್ನೆಯಿಂದ ಎಣಿಸುತ್ತಿತ್ತಂತೆ: ಹೆಸರು ಸೊನ್ನೆ, ಊರು ಒಂದು, ನೆಟ್ಟ ದಿನ ಎರಡು. ಹೊಸದು ಒಂದರಿಂದ ಎಣಿಸುತ್ತದೆ. ನೆಟ್ಟ ದಿನ ಈಗ ಮೂರು.

“ನನ್ನ ದನಿ ಛಲೋ ತಗೀತೀಯಂತ ಕೇಳೇನಿ,” ಎಂದರು ಸರ್, ನಾನು ತೆಗೆಯುವುದಕ್ಕಿಂತ ಸೌಮ್ಯವಾದ ಮೂಗಿನಲ್ಲಿ. “ನಾ ಎಲ್ಲಿಂದ ಎಣಿಸ್ತಿದ್ನಿ ಅಂತ ಕೇಳಬೇಕು ಅನಸಲಿಲ್ಲಾ?”

ಹಳೆಯ ನಿಯಮದಂತೆಯೇ ನಡೆ ಎಂದು ಯಂತ್ರಕ್ಕೆ ಹೇಳುವ ಒಂದು ಸಾಲೂ ಇದೆಯಂತೆ. ಇವತ್ತಿಗೆ ಅದು ಸಾಕು, ನಾಳೆ ಮೂರೆಂದೇ ತಿದ್ದು ಎಂದರು. ಸರ್ ಬರೆದಿದ್ದ ‘+2’ ಮರಳಿ ಹಾಕಿ ಹಾಗೇ ಮಾಡಿದೆ. ಹೊಸ ಪಟ್ಟಿಯ ಮೊದಲ ಸಾಲಿನಲ್ಲೇ ಬಸಪ್ಪ ಕಾಕಾ ಇದ್ದರು. ಎರಡು ಸಲ ಓದಿದರು. ಬೈಯಲಿಲ್ಲ, ತಲೆಯಾಡಿಸಿ ಹೊರಟುಹೋದರು. ಅವತ್ತು ನನಗೆ ಊಟ ಸೇರಲಿಲ್ಲ.

ಈಗಲೂ ಹೊಸದೇನಾದರೂ ಹಾಕಿದಾಗ ಯಂತ್ರ ಗೊಣಗಿದರೆ ನನಗೆ ನೆಮ್ಮದಿ. ತೆಪ್ಪಗೆ ಒಪ್ಪಿಕೊಂಡಿತೋ, ಎದ್ದು ಗೋಡೆಗೆ ಹಚ್ಚಿದ ಪಟ್ಟಿಯ ಬಳಿ ಹೋಗಿ, ಈ ಸಲ ಕಾಕಾನ ಬೆರಳು ಎಲ್ಲಿ ನಿಲ್ಲುತ್ತದೆಂದು ನೋಡುತ್ತೇನೆ.