ಸಹಜ ಪುತ್ರಿ

“ಪಾದ್ರಿಗೆ ಇಲ್ಲಿ ಸಂಸಾರ ಇರ್ನಿಲ್ಲ. ಅಡಿಗೆಯೋಳ ಕೂಸ್ನ ಕನಿಕರಕ್ಕೆ ಸಾಕಿದ್ರು, ಅಷ್ಟೆ.”

ಮಳವಳ್ಳಿಯ ನಮ್ಮ ಬೀದಿಯಲ್ಲಿ ಈ ಮಾತನ್ನು ಹೇಳದವರಿಲ್ಲ. ಹೇಳಿ ಮುಸಿಮುಸಿ ನಗದವರೂ ಇಲ್ಲ. ಆ ಕೂಸಿನ ಮಗಳು ನಮ್ಮ ಎದುರು ಮನೆಯವರು, ಎಂಬತ್ತು ದಾಟಿದವರು. ನಾನು ಅವರನ್ನು ಅಕ್ಕ ಎನ್ನುತ್ತೇನೆ. ತಾಯಿಯ ಸಮಾಧಿಗೆ ಕಲ್ಲು ಹಾಕಿಸಿ, ಅದರ ಮೇಲೆ ಇಂಗ್ಲಿಷ್ ಪಾದ್ರಿಯ ಮಗಳೆಂದು ಕೆತ್ತಿಸಬೇಕೆಂಬುದೊಂದೇ ಅವರ ಆಸೆಯಾಗಿತ್ತು. ಚರ್ಚಿನ ಹಿರಿಯರು ಕಾಗದ ಕೇಳಿದರು.

ಕನಿಕರದ ಕಥೆಯನ್ನು ನಾನು ಎಂದೂ ನಂಬಿದವನಲ್ಲ. ಇಂಗ್ಲೆಂಡಿನ ದಾಖಲೆ ಕಚೇರಿಗೆ ಬರೆದು ಪಾದ್ರಿಯ ಉಯಿಲಿನ ನಕಲು ತರಿಸಿದೆ. ಮನೆ, ಪುಸ್ತಕಗಳೆಲ್ಲ ಅಲ್ಲಿನ ಹೆಂಡತಿಗೆ ಮತ್ತು ಇಬ್ಬರು ಗಂಡುಮಕ್ಕಳಿಗೆ. ಕಡೆಯಲ್ಲಿ ಅಕ್ಕನ ತಾಯಿಯ ಹೆಸರು, ಮುಂದೆ ‘ನನ್ನ ನ್ಯಾಚುರಲ್ ಡಾಟರ್’ ಎಂಬ ಮಾತು, ಅವಳಿಗೊಂದು ಹೊಲಿಗೆ ಯಂತ್ರ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟು ನಿಘಂಟಿನಿಂದ ಇಂಗ್ಲಿಷ್ ಕಲಿತವನು ನಾನು. ಆ ಮಾತಿಗೆ ಕನ್ನಡದಲ್ಲಿ ‘ಸಹಜ ಪುತ್ರಿ’ ಎಂದು ಬರೆದು, ಸಾಕುಮಗಳಲ್ಲ, ಸ್ವಂತ ಮಗಳು ಎಂದು ವಿವರಿಸಿದೆ. ಅಕ್ಕ ಬೀದಿಗೆಲ್ಲ ಸಕ್ಕರೆ ಹಂಚಿದರು.

ಭಾನುವಾರ ಆರಾಧನೆ ಮುಗಿದ ಮೇಲೆ ಅದನ್ನು ಎಲ್ಲರೆದುರು ಓದಿದೆ. ವಕೀಲಿಕೆ ಮಾಡಿದ್ದ ಹಿರಿಯರೊಬ್ಬರು ಮೂಲವನ್ನು ಕೈಗೆತ್ತಿಕೊಂಡು ನಕ್ಕರು.

“ಹಳೇ ಉಯಿಲಲ್ಲಿ ನ್ಯಾಚುರಲ್ ಅಂದ್ರೆ ಮದ್ವೆ ಇಲ್ದೆ ಉಟ್ಟಿದೋಳು ಅಂತ ಕಣ್ರೀ, ಯಜಮಾನ್ರೇ. ಅದ್ನೂ ಕಲ್ ಮೇಲೆ ಕೆತ್ತಿಸ್ಬುಡಣ್ವಾ?”

“ಸಕ್ರೆ ತಿಂದೋರೆಲ್ಲ ವಾಪಸ್ ಕೊಡ್ರಲಾ!” ಎಂದು ಹಿಂದಿನ ಬೆಂಚಿನಿಂದ ಯಾರೋ ಕೂಗಿದರು. ಚರ್ಚೆಲ್ಲ ನಕ್ಕಿತು.

ಅಕ್ಕ ನನ್ನ ಜೊತೆ ಮನೆಯ ಬಾಗಿಲವರೆಗೂ ನಡೆದು ಬಂದರು. ಅಲ್ಲಿ ನಿಂತು, “ಇಷ್ಟ್ ದಿನ ಬರೀ ಬಾಯ್ಮಾತಾಗಿತ್ತು ಕಣಪ್ಪ. ನೀನು ಅದ್ಕೆ ಕಾಗ್ದ ಮಾಡ್ಕೊಟ್ಟೆ,” ಎಂದರು.

“ಸ್ವಂತ ಮಗಳು ಅನ್ನೋದಂತೂ ದಿಟ ಅಲ್ವಾ, ಅಕ್ಕ?”

“ನಮ್ಮವ್ವುಂಗೆ ಕಲ್ಲೂ ಬ್ಯಾಡ, ನಿನ್ ದಿಟಾನೂ ಬ್ಯಾಡ. ಬುಡು.”

ನಾನು ಬಿಡಲಿಲ್ಲ. ಹಳೆಯ ದೀಕ್ಷಾಸ್ನಾನದ ದಾಖಲೆಗಳನ್ನು ಮಂಡ್ಯಕ್ಕೆ ಸಾಗಿಸಿದ್ದರೆಂದು ತಿಳಿದು ಬಸ್ಸು ಹತ್ತಿದೆ. ನೋಡಿ ಬಂದದ್ದನ್ನು ಹೇಳಲು ಹೋದರೆ ಅಕ್ಕ ಬಾಗಿಲು ತೆರೆಯಲಿಲ್ಲ, ಈಗಲೂ ತೆರೆಯುವುದಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಆ ಪುಸ್ತಕ ಮಂಡ್ಯದ ಚರ್ಚಿನ ಕಬ್ಬಿಣದ ಬೀರುವಿನಲ್ಲಿದೆ. ಕೇಳಿದವರಿಗೆ ಗುಮಾಸ್ತರು ತೆಗೆದು ತೋರಿಸುತ್ತಾರೆ. ಮಗುವಿನ ಹೆಸರಿದೆ. ತಾಯಿಯ ಹೆಸರಿನ ಪಕ್ಕದಲ್ಲಿ ‘ಅಡಿಗೆಯವಳು’ ಎಂದಿದೆ. ಆ ಪುಟದಲ್ಲಿ ತಂದೆಯ ಹೆಸರಿನ ಜಾಗ ಖಾಲಿ ಉಳಿದಿರುವುದು ಈ ಮಗುವೊಂದಕ್ಕೇ. ಅದೇ ಸಾಲಿನ ಕೊನೆಯಲ್ಲಿ, ದೀಕ್ಷಾಸ್ನಾನ ಕೊಟ್ಟವರ ಜಾಗದಲ್ಲಿ, ಆ ಇಂಗ್ಲಿಷ್ ಪಾದ್ರಿಯದೇ ಸಹಿಯಿದೆ.