ಅಂಚಿನ ಬಾವಿಗಳು

ಎಂಬತ್ತರ ದಶಕದ ಕೊನೆಯ ಒಂದು ಬೇಸಿಗೆ. ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ನಾನು ಕೋಪದಿಂದ ಕುದಿಯುತ್ತ ಕೂತಿದ್ದೆ. ಚನ್ನಗಿರಿಯ ಕಚೇರಿಯಲ್ಲಿ ನಾನು ನಕ್ಷೆ ಬರೆಯುವವಳು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಸೀಮೆಯ ಬಾವಿಗಳಲ್ಲಿ ನೀರು ಎಷ್ಟು ಆಳಕ್ಕಿದೆ ಎಂದು ನಾವು ನಾಲ್ವರು ಟೇಪು ಇಳಿಬಿಟ್ಟು ಅಳೆದಿದ್ದೆವು. ಒಂದೇ ಮಟ್ಟದ ನೀರಿರುವ ಕಡೆಗಳನ್ನು ಗೆರೆಯಿಂದ ಜೋಡಿಸಿದರೆ ನಕ್ಷೆ. ಕೈಯಲ್ಲಿ ತಿಂಗಳುಗಟ್ಟಲೆ ಹಿಡಿಯುವ ಕೆಲಸ. ಇಲ್ಲಿನ ಹೊಸ ಯಂತ್ರದಲ್ಲಿ ನಾಲ್ಕು ಗಣಕಗಳಿದ್ದವು. ಸೀಮೆಯನ್ನು ನಾಲ್ಕು ತುಂಡು ಮಾಡಿ ಹಂಚಿದರೆ ನಾಲ್ಕೂ ಒಟ್ಟಿಗೆ ಲೆಕ್ಕ ಮಾಡುತ್ತಿದ್ದವು.

ಮಾಡಿದವು. ಆದರೆ ತುಂಡುಗಳು ಕೂಡುವ ಕಡೆಯೆಲ್ಲ ಗೆರೆಗಳು ಹರಿದುಹೋಗಿದ್ದವು. ಹೊನ್ನಾಳಿಯಿಂದ ಬಂದ ಗೆರೆ ನ್ಯಾಮತಿಯ ಅಂಚಿನಲ್ಲಿ ಗಕ್ಕನೆ ನಿಂತಿತ್ತು.

"ನಿಮ್ಮ ಅಳತೆಯೇ ತಪ್ಪಿರಬೇಕು ಮೇಡಂ. ಇನ್ನೊಮ್ಮೆ ಅಳೆದು ತನ್ನಿ," ಎಂದರು ಯಂತ್ರ ನಡೆಸುವ ಇಂಜಿನಿಯರು.

ಇನ್ನೊಮ್ಮೆ! ಅಷ್ಟರಲ್ಲಿ ಮಳೆ ಬಿದ್ದು ಬಾವಿಗಳ ನೀರು ಏರಿ, ನಮ್ಮ ಇಡೀ ಬೇಸಿಗೆಯ ದುಡಿಮೆ ದಂಡವಾಗುತ್ತಿತ್ತು. ನಾನು ಬರದ ಸೀಮೆ ಜಗಳೂರಿನವಳು, ನೀರಿನ ವಿಷಯದಲ್ಲಿ ಹುಡುಗಾಟ ಆಡಿ ಗೊತ್ತಿಲ್ಲ.

"ಒಂದೊಂದು ಬಾವಿಗೂ ಬಗ್ಗಿ ನೋಡಿ ಅಳದೀವಿ ರೀ. ತಪ್ಪು ಹೆಂಗಾಗತೈತೆ? ಯಾವ ಗಣಕಕ್ಕೆ ಯಾವ ಬಾವಿ ಕೊಟ್ಟೀರಿ, ತೋರಿಸ್ರಿ," ಎಂದು ಜೋರು ಮಾಡಿದೆ.

ತೋರಿಸಿದರು. ನನಗೆ ನಗು ಬಂತು. ಪ್ರತಿ ಗಣಕಕ್ಕೂ ಅದರದರ ತುಂಡಿನ ಬಾವಿಗಳನ್ನಷ್ಟೇ ಕೊಟ್ಟಿದ್ದರು. ನಮ್ಮ ಕಚೇರಿಯಲ್ಲೂ ಉದ್ದನೆಯ ಮೇಜಿಗೆ ನಾಲ್ವರು ಕೂತು ತಲಾ ಒಂದು ಹಾಳೆ ಬರೆಯುತ್ತಿದ್ದೆವು. ಆದರೆ ನಾಲ್ವರಲ್ಲಿ ಹಿರಿಯರಾದವರದೊಂದು ಕಟ್ಟಪ್ಪಣೆಯಿತ್ತು: ಪಕ್ಕದ ಹಾಳೆಯ ಎರಡು ಬೆರಳಗಲದ ಬಾವಿಗಳನ್ನು ಮೊದಲು ನಮ್ಮ ಅಂಚಿಗೆ ಪೆನ್ಸಿಲಿನಲ್ಲಿ ಬರೆದುಕೊಳ್ಳಬೇಕು, ಗೆರೆ ಎಳೆದ ಮೇಲೆ ಅಳಿಸಬೇಕು. ಪಕ್ಕದಲ್ಲೇನಿದೆ ಎಂದು ತಿಳಿಯದೆ ಅಂಚಿನಲ್ಲಿ ಗೆರೆ ಯಾವ ಕಡೆ ತಿರುಗೀತು?

ಹೇಳಿದೆ. ಇಂಜಿನಿಯರು ಕೀಲಿಮಣೆಯತ್ತ ಬಗ್ಗಿದರು. ಅಂಚಿನ ಬಾವಿಗಳನ್ನು ಎರಡೂ ಕಡೆಯ ಗಣಕಗಳಿಗೆ ಕೊಟ್ಟು ಮತ್ತೆ ಓಡಿಸಿದರು. ನಕ್ಷೆ ಕಿರ್ರೆನ್ನುತ್ತ ಹೊರಬಂತು. ಹೊನ್ನಾಳಿಯ ಗೆರೆ ಒಂದು ಕಡೆ ನ್ಯಾಮತಿಗೆ, ಇನ್ನೊಂದು ಕಡೆ ಚನ್ನಗಿರಿಗೆ ಸಲೀಸಾಗಿ ಹಾಯ್ದಿತ್ತು. ಎಲ್ಲಿ ಕತ್ತರಿಸಿದ್ದರೆಂದು ಹುಡುಕಿದರೂ ಸಿಗಲಿಲ್ಲ. ಅಂಥ ಹೆಮ್ಮೆ ನನಗೆ ಮದುವೆಯ ದಿನವೂ ಆಗಿರಲಿಲ್ಲ.

"ಇದನ್ನ ಎಲ್ಲಿ ಓದಿದ್ರಿ ಮೇಡಂ?" ಎಂದು ಕೇಳಿದರು.

"ಚನ್ನಗಿರಿಯಾಗೆ," ಎಂದು ಎದ್ದು ಬಂದೆ.

ಕಚೇರಿಗೆ ಮತ್ತೆ ಟ್ರಂಕ್ ಕಾಲ್ ಮಾಡಿದೆ; ಗೆರೆ ಹರಿದ ಸುದ್ದಿಯನ್ನು ಬೆಳಿಗ್ಗೆಯೇ ಮುಟ್ಟಿಸಿದ್ದೆ. ಮೊದಲ ಗಂಟೆಗೇ ಹಿರಿಯರು ಎತ್ತಿಕೊಂಡರು. "ಏನಮ್ಮಾ, ತಿರುಗಾ ಅಳೆಯಾಕೆ ಹೋಗಬೇಕೇನು?"

"ಬ್ಯಾಡ್ರಿ. ನಮ್ಮ ಒಂದು ಬಾವೀನೂ ತಪ್ಪಿಲ್ಲ."

ಅವರು ರಿಸೀವರನ್ನು ಹಾಗೇ ಮೇಜಿನ ಮೇಲಿಟ್ಟು ಉಳಿದಿಬ್ಬರನ್ನು ಕೂಗಿ ಕರೆದದ್ದು, ಮೂವರೂ ಒಟ್ಟಿಗೆ ಕೇಕೆ ಹಾಕಿದ್ದು ಬೆಂಗಳೂರಿಗೆ ಕೇಳಿಸಿತು.